ಗಣಿಯ ಹಾಡಿಗೆ ಕುಣಿದವರು

ಎರಡನೇ ಬೇಸಿಗೆಯ ನಲವತ್ತೊಂದನೇ ದಿನ, ಕ್ರಿ.ಶ. ೨೩೧೭

ಮುನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಸಹಾಯಮೇರಿಯ ನಮಸ್ಕಾರ. ನನ್ನ ಮಾತು ಅನ್ನದಲ್ಲಿ ಕಲ್ಲು ಸಿಕ್ಕಂತಾದರೆ ಮನ್ನಿಸಿ. ನಮ್ಮಲ್ಲಿ ಬೇಸಿಗೆ ಎರಡು, ಮಳೆಗಾಲಕ್ಕೆ ಹೆಸರಷ್ಟೇ ಉಳಿದಿದೆ.

ನಾನು ತೊಳೆಮನೆಯಲ್ಲಿ ಕೆಲಸಕ್ಕಿದ್ದೇನೆ. ಹಳೆಯ ಹಾಡುಗಳ ಕೆಮ್ಮು, ಬಿಕ್ಕು, ಬೈಗುಳ ತೆಗೆದು ಹಬ್ಬಕ್ಕೆ ಒಪ್ಪ ಮಾಡುವ ಜಾಗಕ್ಕೆ ಆ ಹೆಸರು. ಹೊಸ ಹಾಡು ಕಟ್ಟುವ ಯೋಗ್ಯತೆ ನಮಗಿಲ್ಲ. ಸತ್ತವರ ಗಂಟಲಲ್ಲೇ ಬದುಕುತ್ತೇವೆ. ಪಾಚಿರೊಟ್ಟಿ ಹಂಚುವಾಗ ಒಂದು ಹಾಡು, ನೀರಿನ ಸಾಲಿನಲ್ಲಿ ಒಂದು, ಹೆಣ ಸಾಗಿಸುವಾಗಲೂ ಒಂದು. ಎಲ್ಲಕ್ಕಿಂತ ಹೆಚ್ಚು ಹಾಕುವುದು ನಿಮ್ಮ ಕಾಲದ ರಾಕ್ ಹಾಡು, ‘ಎಳೀರಪ್ಪೋ ಮೇಲಕ್ಕೆ’. ೧೯೭೮ರಲ್ಲಿ ಚಿನ್ನದ ಗಣಿಯ ನಾಲ್ವರು ಕೂಲಿಗಳು ಎರವಲು ಗಿಟಾರು, ತಗಡಿನ ಡ್ರಮ್ಮು ಹಿಡಿದು ಕಟ್ಟಿದ್ದು. ಅದು ಶುರುವಾಗುವುದೇ ಮೂರು ಸಲ ಬಾರಿಸುವ ಗಂಟೆಯಿಂದ. ಗಣಿಯಲ್ಲಿ ಹಾಗೆ ಬಾರಿಸಿದರೆ, ಕೆಳಗೆ ಮನುಷ್ಯರಿದ್ದೇವೆ, ಮೇಲಕ್ಕೆ ಎಳೆಯಿರಿ ಎಂದರ್ಥ. ಬಾರಿಸಿದರೂ ಯಾರೂ ಎಳೆಯದೆ ಸತ್ತ ಗೆಳೆಯರ ಹೆಸರುಗಳನ್ನು ಗಾಯಕ ಅಂತೋಣಿರಾಜ್ ಎರಡನೇ ಚರಣದಲ್ಲಿ ಕಿರುಚಿ ಹೇಳುತ್ತಾನೆ.

ಹಬ್ಬದ ಮೇಲ್ವಿಚಾರಕ ವಿರೂಪಾಕ್ಷಿ ಅದನ್ನು ಕೇಳಿ ಮುಖ ಸಿಂಡರಿಸಿದ. “ಅಳೋ ಪದ ಹಬ್ಬಕ್ಕ್ಯಾಕಮ್ಮಾ? ಆ ಚರಣ ಕಿತ್ತಾಕು. ಗಂಟೆ ಇರ್ಲಿ, ಕಾಲು ತಾನಾಗೇ ಕುಣೀತದೆ,” ಎಂದ. ಹೊಟ್ಟೆಪಾಡು ನೋಡಿ, ಕಿತ್ತುಹಾಕಿದೆ. ಗಂಟೆ ಮೂರು ಸಲ ಕೇಳಿದೊಡನೆ ಚಪ್ಪಾಳೆ ತಟ್ಟಿ ಕುಣಿಯುವುದು ಊರಿನ ರೂಢಿಯಾಯಿತು. ತೊಟ್ಟಿಲ ಕೂಸುಗಳೂ ಕೈ ಆಡಿಸುತ್ತವೆ.

ಹೋದ ವಾರದ ಹಬ್ಬದ ದಿನ ನನ್ನ ತಮ್ಮ ಸೆಬಾಸ್ಟಿಯನ್ ಪಾಳಿಯ ಮೇಲೆ ಉಪ್ಪಿನ ಗಣಿಗೆ ಇಳಿದಿದ್ದ. ಹಳೆಯ ಗಂಟೆಯ ಪದ್ಧತಿ ಅಲ್ಲಿ ಇನ್ನೂ ಇದೆ. ಕೆಳಗೆ ನೀರು ನುಗ್ಗಿತು. ಗಂಟೆ ಮೂರು ಸಲ ಮೊಳಗಿತು, ಮತ್ತೆ ಮೂರು ಸಲ. ಹಾಡು ಶುರುವಾಯಿತೆಂದುಕೊಂಡು ಜನ ಕುಣಿದರು, ರಾಟೆ ಎಳೆಯಬೇಕಾದವರೂ ಕುಣಿದರು. ಥೂ! ಬರೀ ಗಂಟೆಯೇ ಕೇಳುತ್ತಿದೆ, ಗಿಟಾರು ಎಲ್ಲಿ ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಏಳು ಹೆಣ ಬಂದವು, ತಮ್ಮನದೂ ಸೇರಿ. ನಾಳೆ ಅವರ ಸ್ಮರಣೆಗೂ ಅದೇ ಹಾಡು ಹಾಕುತ್ತಾರಂತೆ, ಇನ್ನೊಂದು ಸಲ ತೊಳೆಸಿ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಆ ಹಾಡಿನ ಕ್ಯಾಸೆಟ್ ಇದ್ದರೆ, ಕೈಮುಗಿದು ಕೇಳುತ್ತೇನೆ, ಸುಟ್ಟುಬಿಡಿ. ಜೋಪಾನ ಮಾಡಿ ನಮಗೆ ದಾಟಿಸಬೇಡಿ. ನಾವು ಅದಕ್ಕೆ ಯೋಗ್ಯರಲ್ಲ. ಊರವರನ್ನು ಬೈದು ನಾನು ಸಾಚಾ ಆಗಲಾರೆ. ಆ ದಿನ ಮೊದಲ ಚಪ್ಪಾಳೆ ತಟ್ಟಿದವಳು ನಾನೇ.