ವಾಪಸಾಗದ ಲೈನ್ ಕ್ಲಿಯರ್

ಶನಿವಾರ, ಮಧ್ಯಾಹ್ನ ಮೂರು ಗಂಟೆ

ಮನೆ ಬಿಟ್ಟು ಹೋಗಿರುವ ನಮ್ಮ ಮನೆಯವರಿಗೆ,

ಮೊದಲು ‘ಸಂಘದ ಕಾರ್ಯದರ್ಶಿಗಳಿಗೆ’ ಎಂದು ಬರೆದೆ. ಆಮೇಲೆ ನನಗೇ ನಗು ಬಂತು, ಹೊಡೆದು ಹಾಕಿದೆ. ಅರ್ಜಿಯ ಧಾಟಿಯಲ್ಲಿ ಬರೆದರೆ ನೀವು ಇದನ್ನು ಫೈಲಿಗೆ ಸೇರಿಸಿಬಿಡುತ್ತೀರಿ. ಇದು ಫೈಲಿಗಲ್ಲ.

ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನಿಮ್ಮ ತಾಯಿಯ ಮಂಡಿನೋವು ಹಾಗೇ ಇದೆ. ಮಗಳು ಪರೀಕ್ಷೆಗೆ ಓದುತ್ತಾಳೆ, ಓದದಿದ್ದಾಗ ಬಾಗಿಲು ನೋಡುತ್ತಾಳೆ. ನೀವು ಸಂಘದ ಕಚೇರಿಯ ಬೆಂಚಿನ ಮೇಲೆ ಮಲಗುತ್ತಿದ್ದೀರಿ ಎಂದು ಕೇಳಿ ನಿಮ್ಮ ತಾಯಿ, ಅವನಿಗೆ ಯೂನಿಯನ್ನೇ ಹೆಂಡ್ತಿ ಕಣೇ, ನೀನು ಬರೀ ಮೆಂಬರ್ರು ಅಂದರು. ನಾಳೆ ಆ ಮೆಂಬರ್‌ಗಿರಿಯೂ ಹೋಗುತ್ತದೆ ಎಂದು ನಾನು ಹೇಳಲಿಲ್ಲ.

ನಾಳೆ ಹತ್ತಕ್ಕೆ ಸಭೆ. ಮುಷ್ಕರದ ಮೊದಲ ದಿನವೇ ಕೆಲಸ ಮಾಡಿದವಳೆಂದು ನನ್ನನ್ನು ಸಂಘದಿಂದ ತೆಗೆಯುವ ನಿರ್ಣಯವನ್ನು ನೀವು ಓದಬೇಕು, ನೀವೇ ಮೊದಲು ಕೈ ಎತ್ತಬೇಕು. ಅದಕ್ಕೆ ಮುಂಚೆ ಇಷ್ಟು ಹೇಳಿಬಿಡುತ್ತೇನೆ.

ಕರೆಂಟು ಹಂಚುವ ಕೆಲಸವನ್ನು ಕಂಪನಿಗೆ ಬರೆದುಕೊಡುತ್ತಾರೆ, ನಮ್ಮ ಸಬ್‌ಸ್ಟೇಷನ್ನಿಂದಲೇ ಶುರು ಎಂದು ತಿಳಿದ ದಿನ ಮುಷ್ಕರಕ್ಕೆ ಕೈ ಎತ್ತಿದವರಲ್ಲಿ ನಾನೂ ಇದ್ದೆ. ಮನಸ್ಸಿಲ್ಲದೆ ಎತ್ತಿದ್ದಲ್ಲ. ಇಪ್ಪತ್ತೆರಡು ವರ್ಷ ಆ ಕಂಟ್ರೋಲ್ ರೂಮಿನಲ್ಲಿ ಆಪರೇಟರಾಗಿ ಕೂತವಳು ನಾನು. ಯಾವ ಫೀಡರಿನ ಹ್ಯಾಂಡಲ್ ಗಟ್ಟಿ, ಯಾವುದು ಸಡಿಲ ಎಂದು ಕತ್ತಲಲ್ಲೂ ಹೇಳಬಲ್ಲೆ.

ಮುಷ್ಕರದ ಹಿಂದಿನ ದಿನ ನನ್ನದು ರಾತ್ರಿ ಪಾಳಿ. ಬೆಳಗ್ಗೆ ಆರಕ್ಕೆ ನನ್ನ ಪಾಳಿಯೂ ಮುಗಿಯಬೇಕು, ಮುಷ್ಕರವೂ ಶುರುವಾಗಬೇಕು. ಚೀಲ ಹೆಗಲಿಗೆ ಹಾಕಿಕೊಂಡು ಎದ್ದವಳು ಪುಸ್ತಕ ನೋಡಿದೆ. ಹಾಲಿನ ಡೇರಿಗೆ ಕರೆಂಟು ಹೋಗುವ ಫೀಡರಿನ ಮೇಲೆ ಕೊಟ್ಟಿದ್ದ ಲೈನ್ ಕ್ಲಿಯರ್ ವಾಪಸಾಗಿರಲಿಲ್ಲ. ನಮ್ಮ ನಿಯಮ ನಿಮಗೇನು ಹೇಳಿಕೊಡಬೇಕಾಗಿಲ್ಲ. ಕಂಬ ಹತ್ತುವವನು ಲೈನು ಬಂದ್ ಮಾಡಿಸಿಕೊಂಡು ಸಹಿ ಹಾಕುತ್ತಾನೆ. ಇಳಿದು ಬಂದು ಅವನೇ ವಾಪಸ್ ಸಹಿ ಹಾಕುವವರೆಗೆ ದೇವರು ಬಂದು ಹೇಳಿದರೂ ಕರೆಂಟು ಬಿಡುವ ಹಾಗಿಲ್ಲ, ಕೊಟ್ಟ ಆಪರೇಟರ್ ಜಾಗ ಬಿಟ್ಟು ಏಳುವ ಹಾಗೂ ಇಲ್ಲ.

ಸಹಿ ಹಾಕಿ ಹೋದವರಿಗೆ ಫೋನ್ ಮಾಡಿದೆ, ಹೋಗಲಿಲ್ಲ. ಅಧಿಕಾರಿಗಳು ಒಬ್ಬೊಬ್ಬರಿಗೇ ಕರೆ ಮಾಡಿ ಹೆದರಿಸಬಾರದೆಂದು ಖಜಾಂಚಿ ಎಲ್ಲರ ಫೋನೂ ಆಫ್ ಮಾಡಿಸಿ ಚೀಲಕ್ಕೆ ತುಂಬಿಕೊಂಡಿದ್ದರಲ್ಲ. ಅಷ್ಟರಲ್ಲಿ ಕಂಪನಿ ಕಳಿಸಿದ ಇಬ್ಬರು ಒಳಗೆ ಬಂದರು. ಒಬ್ಬ ನೇರವಾಗಿ ಆ ಫೀಡರಿನ ಹ್ಯಾಂಡಲ್ಲಿಗೇ ಕೈ ಹಾಕಿದ. ಡೇರಿಯೋರು ಬಾಯಿ ಬಡ್ಕೋತಿದಾರೆ ಮೇಡಂ, ಹಾಕಿಬಿಡ್ತೀನಿ ಅಂದ. ಪುಸ್ತಕ ತೋರಿಸಿದರೆ, ಇದೇನು ಹಾಜರಿ ಪುಸ್ತಕಾನಾ ಅಂತ ಕೇಳಿದ. ನೀವು ಭಾಷಣದಲ್ಲಿ ಹೇಳುವುದು ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಗೊತ್ತಿಲ್ಲ. ಹ್ಯಾಂಡಲಿಗೆ ಬೀಗ ಹಾಕಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತೆ. ಅದೇ ಹೊತ್ತಿಗೆ ಎಂಜಿನಿಯರರ ಫೋನ್ ಬಂತು. ನಾನೇ ಎತ್ತಿದೆ. ಅವರ ಲೆಕ್ಕದಲ್ಲಿ ನಾನು ಕರ್ತವ್ಯದ ಮೇಲಿದ್ದೆ.

ಹತ್ತು ಗಂಟೆಯವರೆಗೆ ಯಾರೂ ಬರಲಿಲ್ಲ. ಕೊನೆಗೆ ಕೀಲಿಯನ್ನು ಜೊತೆಗಿಟ್ಟುಕೊಂಡು ನಾನೇ ಲೈನಿನ ಜಾಡು ಹಿಡಿದು ಕಂಬದವರೆಗೆ ನಡೆದೆ. ಮೇಲೆ ಯಾರೂ ಇರಲಿಲ್ಲ. ಹೊಸ ಇನ್ಸುಲೇಟರ್ ಕೂತಿತ್ತು, ಕೆಲಸ ಅಚ್ಚುಕಟ್ಟಾಗಿ ಮುಗಿದಿತ್ತು. ಆದರೆ ಲೈನನ್ನು ನೆಲಕ್ಕೆ ಕಟ್ಟುವ ಅರ್ಥಿಂಗ್ ರಾಡು ಮಾತ್ರ ತಂತಿಗೆ ನೇತಾಡುತ್ತಲೇ ಇತ್ತು. ಹಾಗೇ ಕರೆಂಟು ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸಲಾರೆ. ರಾಡು ತೆಗೆದು ಹೆಗಲ ಮೇಲಿಟ್ಟುಕೊಂಡು ವಾಪಸ್ ಬರುವಾಗ ಯಾರೋ ಫೋಟೋ ತೆಗೆದರು. ಮರುದಿನ ಪೇಪರಿನಲ್ಲಿ ನಾನು. ‘ಮುಷ್ಕರದ ನಡುವೆಯೂ ಕರ್ತವ್ಯನಿಷ್ಠೆ’ ಅಂತೆ. ಅದನ್ನು ನೋಡಿ ಪಕ್ಕದ ಎರಡು ಸ್ಟೇಷನ್ನಿನವರು ಮುಷ್ಕರ ಬಿಟ್ಟು ಕೆಲಸಕ್ಕೆ ಹೋದರು. ನಾಲ್ಕನೇ ದಿನಕ್ಕೆ ಮುಷ್ಕರ ಮುರಿಯಿತು.

ಮನೆಯಲ್ಲಿ ನೀವು ಪೇಪರನ್ನು ಮೇಜಿನ ಮೇಲೆ ಎಸೆದು ಹೋದಿರಿ. ಯಾಕೆ ಅಂತ ಒಂದು ಮಾತು ಕೇಳಲಿಲ್ಲ. ನನಗೆ ನೋವಾದದ್ದು ಅದಕ್ಕೆ. ಆ ಫೋಟೋವನ್ನು ಇನ್ನೊಮ್ಮೆ ನೋಡಿ. ರಾಡಿನ ಹಿಡಿಗೆ ಹಸಿರು ಬಟ್ಟೆ ಸುತ್ತಿದೆ. ಅದು ನಮ್ಮ ಅಡುಗೆಮನೆಯ ಹಳೇ ಪರದೆ. ಕೈ ಜಾರುತ್ತೆ ಅಂತ ನೀವು ಕೇಳಿದಾಗ ನಾನೇ ಹರಿದು ಸುತ್ತಿಕೊಟ್ಟದ್ದು.

ಹೌದು, ಲೈನ್ ಕ್ಲಿಯರ್ ನಿಮ್ಮದೇ. ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಬಂದು ಸಹಿ ಹಾಕಿದವರು ನೀವೇ. ಕಂಬದಿಂದ ಇಳಿಯುತ್ತಿದ್ದ ಹಾಗೆ ಸಂಘದವರ ವ್ಯಾನು ಬಂದಿರಬೇಕು, ಹತ್ತಿ ಹೋದಿರಿ. ಮೂರು ದಿನ ಕಣ್ಣು ಮುಚ್ಚದೆ ಓಡಾಡಿದವರು ಮರೆತಿರಿ. ನಿಮ್ಮ ಸ್ಥಿತಿಯಲ್ಲಿ ಯಾರಾದರೂ ಮರೆಯುತ್ತಿದ್ದರು. ಆದರೆ ನಾನು ಕೀಲಿ ಹಿಡಿದು ಕೂತಿದ್ದ ಹೊತ್ತಿಗೇ ನೀವು ಅಲ್ಲಿ ವಿಭಾಗೀಯ ಕಚೇರಿಯ ಗೇಟಿನಲ್ಲಿ ಮೈಕ್ ಹಿಡಿದು, ಲೈನ್ ಕ್ಲಿಯರ್ ಅಂದ್ರೇನು ಅಂತ ತಿಳೀದೋರ ಕೈಗೆ ನಮ್ಮ ಪ್ರಾಣ ಕೊಡಬೇಕಾ ಎಂದು ಕೇಳುತ್ತಿದ್ದಿರಂತೆ. ಜನ ಚಪ್ಪಾಳೆ ತಟ್ಟಿದರಂತೆ.

ವಾಪಸ್ ಸಹಿಯನ್ನು ನಿಮ್ಮ ಹೆಸರಿನಲ್ಲಿ ನಾನೇ ಹಾಕಿದೆ. ನನ್ನ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಸಂಘದ ಸಮಿತಿಯವರು ನನ್ನನ್ನು ಕರೆಸಿ, ಯಾರ ಲೈನ್ ಕ್ಲಿಯರ್, ಪುಸ್ತಕ ತಂದು ತೋರಿಸಿ ಅಂದಾಗ ಬಾಯಿ ಮುಚ್ಚಿಕೊಂಡದ್ದು ಇದಕ್ಕೇ. ನೀವು ಎದುರಿಗೇ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದಿರಿ. ನೆನಪಾಗಲಿಲ್ಲ ನಿಮಗೆ.

ಸ್ಟೇಷನ್ನನ್ನು ಕಂಪನಿಗೆ ಕೊಡುವ ಬಗ್ಗೆ ಬುಧವಾರ ವಿದ್ಯುತ್ ಆಯೋಗದ ಮುಂದೆ ವಿಚಾರಣೆ. ನಮ್ಮ ಕಡೆ ಉಳಿದಿರುವುದು ಸುರಕ್ಷತೆಯ ಮಾತೊಂದೇ, ಅದನ್ನು ಹೇಳುವವರೂ ನೀವೊಬ್ಬರೇ. ಈ ವಿಷಯ ಹೊರಗೆ ಬಂದರೆ ಕಂಪನಿಯ ವಕೀಲ ‘ಹೇಳೋದು ಆಚಾರ, ತಿನ್ನೋದು ಬದನೆಕಾಯಿ’ ಅಂತ ನಕ್ಕು ಕೂರುತ್ತಾನೆ. ಆಮೇಲೆ ಸ್ಟೇಷನ್ನು ಹೋಯಿತೆಂದೇ ಲೆಕ್ಕ. ಹಾಗಾಗಿ ನಾಳೆ ಏನೂ ಹೇಳಬೇಡಿ. ನಿರ್ಣಯ ಓದಿ, ಕೈ ಎತ್ತಿ. ಲೈನ್ ಕ್ಲಿಯರ್ ಕೊಡುವಾಗ ಪುಸ್ತಕದಿಂದ ಹರಿದುಕೊಟ್ಟಿದ್ದ ನಿಮ್ಮ ಅರ್ಧ ಚೀಟಿ ನೀಲಿ ಅಂಗಿಯ ಜೇಬಿನಲ್ಲಿತ್ತು, ಒಗೆಯುವಾಗ ಸಿಕ್ಕಿತು. ಇದರೊಳಗೆ ಮಡಿಚಿಟ್ಟಿದ್ದೇನೆ. ಸುಟ್ಟುಬಿಡಿ.

ನನ್ನದೊಂದೇ ಕೋರಿಕೆ. ನಿರ್ಣಯದ ಕೊನೆಯಲ್ಲಿ, ಯಾವ ಸದಸ್ಯರೂ ಇವರೊಂದಿಗೆ ಯಾವುದೇ ಸಂಬಂಧ ಇಟ್ಟುಕೊಳ್ಳತಕ್ಕದ್ದಲ್ಲ ಎಂಬ ಸಾಲಿದೆಯಂತೆ. ಆ ಸಾಲನ್ನು ತೆಗೆಸಿ. ಸಂಘ ಬಿಟ್ಟು ಇರಬಲ್ಲೆ. ನೀವಿಲ್ಲದೆ ನನಗೆ ಬಹಳ ಕಷ್ಟವಾಗುತ್ತಿದೆ.

ಇಂತಿ ನಿಮ್ಮ,
ಸದಸ್ಯ ಸಂಖ್ಯೆ ನಾನೂರ ಹನ್ನೆರಡು
(ನಾಳೆ ಹತ್ತು ಗಂಟೆಯವರೆಗೆ)

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲೈನ್ ಕ್ಲಿಯರ್ ಮುಗಿದದ್ದು ಹನ್ನೊಂದಕ್ಕೆ. ನಾನು ಸ್ಟೇಷನ್ ಬಿಟ್ಟು ಹೊರಟದ್ದು ಎರಡಕ್ಕೆ. ಆ ಮೂರು ಗಂಟೆ ನಿಮಗಾಗಿ ಕೂತದ್ದಲ್ಲ. ಯಾರೂ ನನ್ನನ್ನು ತಡೆದಿರಲಿಲ್ಲ. ಗಂಟೆಗೊಮ್ಮೆ ರೀಡಿಂಗ್ ಬರೆದೆ, ಆ ಇಬ್ಬರಿಗೆ ಪುಸ್ತಕ ಹೇಗೆ ತುಂಬಬೇಕೆಂದು ಹೇಳಿಕೊಟ್ಟೆ. ಘೋಷಣೆಯಿಲ್ಲ, ಬಿಸಿಲಿಲ್ಲ, ಫ್ಯಾನು ತಿರುಗುತ್ತಿತ್ತು. ತುಂಬಾ ದಣಿದಿದ್ದೆ ಕಣ್ರೀ, ಎದ್ದು ನಿಮ್ಮ ಗೇಟಿಗೆ ಬರಲು ಮನಸ್ಸಾಗಲಿಲ್ಲ. ಹಾಗಾಗಿ ನಾಳೆ ಕೈ ಎತ್ತುವಾಗ, ಪೂರಾ ಸುಳ್ಳಿಗೆ ಎತ್ತುತ್ತಿದ್ದೇನೆ ಎಂದುಕೊಳ್ಳಬೇಡಿ.