ಹಸಿರು ಗುಂಡಿಯ ಗರಟೆ

೧೯ ನವೆಂಬರ್, ಬುಧವಾರ

ಆ ಗರಟೆ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ಶಿರಾಲಿಯ ಎಣ್ಣೆ ಮಿಲ್ಲಿಗೆ ನಾನು ಮಾಡಿಕೊಟ್ಟ ಸ್ವಿಚ್ ಬೋರ್ಡ್ ನೋಡಲು ಬೆಳಿಗ್ಗೆ ಹೋಗಿದ್ದೆ. ಚಾಲೂ, ಬಂದ್ ಎರಡೂ ಗುಂಡಿಗಳನ್ನು ಒಂದೇ ಅಳತೆಯಲ್ಲಿ, ಪಕ್ಕಪಕ್ಕದಲ್ಲಿ ಚೆಂದವಾಗಿ ಕೂರಿಸಿದ್ದೆ. ಚಾಲೂ ಮಾಡುವ ಹಸಿರು ಗುಂಡಿಗೆ ಯಾರೋ ಅರ್ಧ ತೆಂಗಿನ ಗರಟೆಯನ್ನು ದಾರ ಕಟ್ಟಿ ಟೊಪ್ಪಿಯಂತೆ ಮುಚ್ಚಿದ್ದರು. ಸಿಟ್ಟು ನೆತ್ತಿಗೇರಿತು.

"ಇದೆಂತ ಅವತಾರ?" ಎಂದು ಗಾಣಕ್ಕೆ ಕೊಬ್ಬರಿ ಹಾಕುವ ಮಾದೇವಿಯಕ್ಕನನ್ನು ಕೇಳಿದೆ.

"ಕೈಯೆಲ್ಲ ಎಣ್ಣೆ ತಂಗಿ, ಬೆರಳು ಜಾರ್ತದೆ. ನಾವು ಒತ್ತೂದು ಮೊಣಕೈಲಿ. ಮೊನ್ನೆ ಬಂದ್ ಮಾಡಿ ಮೊಣಕೈ ತೆಗೆವಾಗ ಪಕ್ಕದ್ದಕ್ಕೆ ತಾಗಿ ಮತ್ತೆ ಚಾಲೂ ಆತು. ನಾಗವೇಣಿ ಹಿಂಡಿ ಕೆರೆಯೂಕೆ ಆಗಷ್ಟೇ ಗಾಣದೊಳಗೆ ಕೈ ಹಾಕ್ತಿದ್ಲು."

ಪಕ್ಕದಲ್ಲೇ ಇದ್ದ ನಾಗವೇಣಿ ಹತ್ತೂ ಬೆರಳು ಆಡಿಸಿ ತೋರಿಸಿ ನಕ್ಕಳು. ನನಗೆ ನಗು ಬರಲಿಲ್ಲ.

ಹೊಸ ಬೋರ್ಡಿನ ಚಿತ್ರ ಈಗ ಮುಗಿಯಿತು. ಕೆಂಪು ಗುಂಡಿ ಅಂಗೈಯಗಲ, ಮೊಣಕೈಯ ಎತ್ತರಕ್ಕೆ. ಹಸಿರು ಗುಂಡಿ ಗೇಣು ದೂರದಲ್ಲಿ, ಗರಟೆಯಷ್ಟು ಆಳದ ಗುಳಿಯೊಳಗೆ. ಈ ಸಲ ತಪ್ಪಿಲ್ಲ. ಖಂಡಿತ ಇಲ್ಲ. ಬೆರಳಿಗಲ್ಲ, ಮೊಣಕೈಗೆ ಮಾಡಿದ್ದೇನೆ.

ಕೂರಿಸುವುದು ಸೋಮವಾರ. ಅಲ್ಲಿಯವರೆಗೆ ಹಳೆಯದೇ ಗತಿ. ಮಿಲ್ಲಿನಿಂದ ಹೊರಡುವ ಮುಂಚೆ ಗರಟೆಯ ದಾರ ಸಡಿಲವಾಗಿದ್ದು ಕಂಡಿತು. ನಾನೇ ಬಿಗಿದು ಕಟ್ಟಿ ಬಂದೆ.