ನಾಲ್ಕು ಡಿಗ್ರಿಯಲ್ಲಿ ಮಲಗಿದ ಸೇಬಿನ ಗಿಡ

ಖೈತಾನ್
ಬುಧವಾರ, 14 ಜುಲೈ 2004

ಅಪ್ಪನಿಗೆ,

ಇಬ್ಬರು ಮನುಷ್ಯರ ತಂಪನ್ನು ಕಿತ್ತು ನೀವು ಒಂದು ಸೇಬಿನ ಗಿಡಕ್ಕೆ ಕೊಟ್ಟಿದ್ದೀರಿ. ಇದು ಅನ್ಯಾಯ. ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ.

ನಾನು ಮನೆ ಬಿಟ್ಟು ಗೆಳತಿ ಆಶಾಲತಾ ಜೊತೆ ಇರುವುದು ಬರೀ ಸಿಟ್ಟಿಗೆ, ಎರಡು ದಿನದಲ್ಲಿ ಇಳಿಯುತ್ತದೆ ಎಂದು ಅಮ್ಮನಿಗೆ ಹೇಳಿದಿರಂತೆ. ಇಳಿದಿಲ್ಲ. ಕಾಸಿಂ ಕುಂಞಿಯವರು ನಿನ್ನೆ ಆಸ್ಪತ್ರೆಯಿಂದ ಬಂದರು. ನನ್ನನ್ನು ಇಷ್ಟು ವರ್ಷ ಶಾಲೆಗೆ ಬಿಟ್ಟ ಡ್ರೈವರ್, ಇವತ್ತಿಗೂ ನಿಮ್ಮನ್ನು ಸಾರ್ ಎನ್ನುವವರು, ನೀವು ನೋಡಿಕೊಳ್ಳುವ ವಿಲ್ಲಾದ ಮಹಡಿ ಮೇಲಿನ ತಗಡಿನ ಕೋಣೆಯಲ್ಲಿ ಏಸಿ ಇಲ್ಲದೆ ಬವಳಿ ಬಂದು ಬಿದ್ದರು. ಅವರನ್ನು ಹೊತ್ತು ಕೆಳಗಿಳಿಸಿದ, ಅದೇ ಕೋಣೆಯಲ್ಲಿರುವ ಅಡುಗೆಯ ಸೈದು ಅಳುತ್ತಿರಲಿಲ್ಲ, ನಗುತ್ತಿದ್ದ. ನಾವು ಕೆನಡಾದಲ್ಲಿ ಗಿಡವಾಗಿ ಹುಟ್ಟಬೇಕಿತ್ತು ಭಾಯಿ, ಆಗ ಸಾರ್ ನಮ್ಮನ್ನೂ ತಣ್ಣಗೆ ಇಡುತ್ತಿದ್ದರು ಎಂದ. ಆ ನಗು ನೀವು ನೋಡಬೇಕಿತ್ತು.

ಫೆಬ್ರವರಿಯಲ್ಲಿ, ನಿಮಗೆ ವೀಸಾ ಕೊಟ್ಟು ಕೆಲಸಕ್ಕಿಟ್ಟ ಧಣಿ, ನಿಮ್ಮ ಕಫೀಲ್, ಕೆನಡಾದಿಂದ ಆ ಗಿಡ ತರಿಸಿದಾಗ ಅದು ಎಲೆಯಿಲ್ಲದ ಕೋಲು. ಹಿಮವನ್ನೂ ತಡೆಯುವ ತಳಿ ಎಂದು ಅವರು ಹೇಳಿದ್ದೇ ತಡ, ನೀವು ಅದನ್ನು ಖರ್ಜೂರ ಇಡುವ ಕೋಲ್ಡ್ ರೂಮಿಗೆ ಸೇರಿಸಿ ನಾಲ್ಕು ಡಿಗ್ರಿಯಲ್ಲಿಟ್ಟಿರಿ. ಬೇಸಗೆ ಬಂತು. ಯಂತ್ರ ಬಿಡುವಿಲ್ಲದೆ ಓಡಿತು, ಫ್ಯೂಸ್ ಪದೇಪದೇ ಹೋಯಿತು. ಆಗ ನೀವು ಕಿತ್ತದ್ದು ಯಾವ ಕರೆಂಟಿನ ಲೈನು? ಕಫೀಲರು ಅತಿಥಿಗಳನ್ನು ಕೂರಿಸುವ ಖಾಲಿ ದಿವಾನಿಯಾದ್ದಲ್ಲ. ನಮ್ಮ ಮನೆಯದ್ದೂ ಅಲ್ಲ. ಮಹಡಿಯದ್ದು.

ನಾನು ಜಗಳಕ್ಕೆ ಬಂದರೆ, ಕರಪತ್ರ ಓದಿಕೊಂಡು ಲೋಕ ನಡೆಯೋಲ್ಲ ಮಹಾರಾಣಿ, ಗಿಡ ಸತ್ತರೆ ನಮ್ಮ ಇಕಾಮಾ ಖಲಾಸ್, ಇಲ್ಲಿರುವ ಪರ್ಮಿಟ್ಟೇ ಹೋಯಿತು, ಗಂಟುಮೂಟೆ ಕಟ್ಟಿಕೊಂಡು ಮೈಸೂರಿಗೆ ನಡಿ ಎಂದಿರಿ. ಆಯಿತು. ಕರಪತ್ರವನ್ನೇ ಓದಿದೆ. ಕಾರ್ಮಿಕರದ್ದಲ್ಲ, ಗಿಡದ್ದು. ನರ್ಸರಿಯವರು ಕುಂಡಕ್ಕೆ ಕಟ್ಟಿ ಕಳಿಸಿದ್ದು, ನೀವು ಬಿಡಿಸಿಯೂ ನೋಡದ್ದು.

ಈ ಗಿಡ ಚಳಿಯನ್ನು ತಡೆಯುತ್ತದೆ ಅಪ್ಪ, ಚಳಿಯಲ್ಲಿ ಬೆಳೆಯುವುದಿಲ್ಲ. ಚಳಿಗಾಲದಲ್ಲಿ ನಿದ್ದೆ ಹೋಗುತ್ತದೆ, ಬೆಚ್ಚಗಾದ ಮೇಲೆ ಚಿಗುರುತ್ತದೆ. ನೀವು ಅದಕ್ಕೆ ಬೆಳಗಾಗಲು ಬಿಡಲಿಲ್ಲ. ಎಲೆ ಬರಲಿಲ್ಲವೆಂದು ಹೆದರಿ ತಂಪು ಇನ್ನೂ ಸಾಲದು ಎಂದುಕೊಂಡಿರಿ. ಮಲಗಿದವನು ಏಳಲಿಲ್ಲವೆಂದು ಇನ್ನೊಂದು ಕಂಬಳಿ ಹೊದಿಸಿದ ಹಾಗೆ. ಅದೂ ಮಹಡಿಯವರ ಚರ್ಮ ಸುಲಿದು ಮಾಡಿದ ಕಂಬಳಿ.

ಇಪ್ಪತ್ತೆರಡು ಡಿಗ್ರಿ ಸಾಕು. ಯಂತ್ರದ ಹೊರೆ ಇಳಿಯುತ್ತದೆ, ಮಹಡಿಗೂ ಕರೆಂಟು ಸಿಗುತ್ತದೆ. ಬೇರಿನ ಮೇಲೆ ಒಣಹುಲ್ಲು ಹಾಸಿ, ಬೆಳಗಿನ ಬಿಸಿಲು ಸಿಗುವಂತೆ ಗಾಜಿನ ಬಾಗಿಲ ಹತ್ತಿರ ಇಡಿ. ಡಿಸೆಂಬರಿನಲ್ಲಿ ಹೊರಗೆ ತಂದು ಮಲಗಿಸಿ, ಈ ಮರಳುಗಾಡಿನ ಚಳಿ ಅದಕ್ಕೆ ಸಾಲುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ. ಮನುಷ್ಯರಿಗಾಗಿ ನೀವು ಕದಲುವುದಿಲ್ಲ, ನೋಡಿಯಾಯಿತು. ಗಿಡಕ್ಕಾಗಿಯಾದರೂ ಕದಲಿ. ನನ್ನ ಅಪ್ಪನಿಗೆ ಹೀಗೆ ಬರೆಯಬೇಕಾಗಿ ಬಂತಲ್ಲ ಎಂದು ನಾಚಿಕೆಯಾಗುತ್ತಿದೆ.

ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ಕೋಲ್ಡ್ ರೂಮಿನ ಮುಂದೆ ಬನ್ನಿ. ಮಹಡಿಯ ಲೈನನ್ನು ಕಾಸಿಂ ಕುಂಞಿಯವರ ಎದುರಿಗೆ ನಿಮ್ಮ ಕೈಯಿಂದಲೇ ಜೋಡಿಸಿ. ಜೋಡಿಸಿದರೆ ಅಲ್ಲಿಂದಲೇ ನಿಮ್ಮ ಹಿಂದೆ ಮನೆಗೆ ಬರುತ್ತೇನೆ. ಇಲ್ಲವಾದರೆ ಲಂಡನ್ನಿನಲ್ಲಿರುವ ಕಫೀಲರಿಗೆ ಫೋನ್ ಮಾಡಿ, ಅವರ ಗಿಡ ಇಷ್ಟು ದಿನ ಯಾಕೆ ಚಿಗುರಲಿಲ್ಲವೆಂದು ನಾನೇ ಹೇಳುತ್ತೇನೆ. ಇಕಾಮಾ ಹೋದರೆ ಹೋಗಲಿ.

ಇನ್ನೂ ನಿಮ್ಮ ಮಗಳೇ ಆದ
ಪಾವನಾ

ಇನ್ನೊಂದು ಮಾತು: ಈಗ ಮೊಗ್ಗು ಬಂದಿದೆಯಲ್ಲ ಎನ್ನುತ್ತೀರಿ. ಸೋಮವಾರ ಅದನ್ನು ಕಂಡು, ನನ್ನ ನಾಲ್ಕು ಡಿಗ್ರಿಯ ಫಲ ಎಂದು ಕಫೀಲರ ಹತ್ತಿರ ಫೋನಿನಲ್ಲಿ ಕೊಚ್ಚಿಕೊಂಡಿರಂತೆ. ಮಂಡಿ ನೋವೆಂದು ನೀವು ಆ ಚಳಿಯೊಳಗೆ ಕಾಲಿಡುವುದಿಲ್ಲ, ಗಾಜಿನಾಚೆಯಿಂದ ನೋಡಿ ಬರುತ್ತೀರಿ. ನೀರು ಹಾಕುವುದು ಅಮ್ಮ. ನಾನು ಕರಪತ್ರ ಓದಿ ಹೇಳಿದ ದಿನವೇ ಇಪ್ಪತ್ತೆರಡಕ್ಕೆ ತಿರುಗಿಸಿದ್ದೂ ಅಮ್ಮ. ಚಿಗುರುವವರೆಗೆ ಬಾಯಿ ಬಿಡಬೇಡ, ನಿಮ್ಮಪ್ಪನಿಗೆ ಕಣ್ಣಿಗೆ ಕಾಣದೆ ನಂಬಿಕೆ ಬರೋಲ್ಲ ಎಂದಿದ್ದಳು. ಅಷ್ಟರಲ್ಲಿ ಕಾಸಿಂ ಕುಂಞಿಯವರು ಬಿದ್ದರು. ಇದನ್ನೂ ಸೇರಿಸಿ ಬರಿ ಎಂದವಳು ಅವಳೇ. ಶುಕ್ರವಾರ ನಾಲ್ಕಕ್ಕೆ ನನ್ನ ಪಕ್ಕದಲ್ಲಿ ನಿಂತಿರುತ್ತಾಳೆ.